ನೀವು, ನಾದು, ಅದುಮು: ಮಸಾಜ್ ಕಾರ್ಡ್ ಓದುವುದು ಹೇಗೆ?

ಮಡಿಕೇರಿಯಿಂದ ಯಾವ ದಿಕ್ಕಿಗೆ ಹೊರಟರೂ ಹೋಂಸ್ಟೇ ಬೋರ್ಡುಗಳ ನಡುವೆ ಈಗ ಇನ್ನೊಂದು ಬೋರ್ಡ್ ಕಾಣುತ್ತದೆ. 'ಆಯುರ್ವೇದಿಕ್ ಮಸಾಜ್, ಸ್ಪಾ.' ಒಳಗೆ ಹೋದರೆ ಕೈಗೊಂದು ಕಾರ್ಡ್ ಕೊಡುತ್ತಾರೆ. ಅಭ್ಯಂಗ, ಪಿಳಿಚ್ಚಿಲ್, ಕಿಳಿ, ಸ್ವೀಡಿಷ್, ಡೀಪ್ ಟಿಶ್ಯೂ, ಥಾಯ್, ಬಾಲಿನೀಸ್, ಶಿಯಾಟ್ಸು, ಹಾಟ್ ಸ್ಟೋನ್, ರಿಫ್ಲೆಕ್ಸಾಲಜಿ. ಹೋಟೆಲಿನಲ್ಲಾದರೆ ಹೆಸರು ಅರ್ಥವಾಗದಿದ್ದಾಗ ಪಕ್ಕದ ಟೇಬಲ್ ನೋಡಿ 'ಅದೇ ಕೊಡಿ' ಅನ್ನಬಹುದು. ಇಲ್ಲಿ ಹಾಗೆ ಇಣುಕಿ ನೋಡುವಂತೆಯೂ ಇಲ್ಲ, ಅಲ್ವಾ?

ಹೆಸರುಗಳು ಎಷ್ಟೇ ಇರಲಿ, ಕೈ ಮಾಡುವ ಕೆಲಸ ಆರೇಳು ಮಾತ್ರ. ಆ ಕೆಲಸಗಳಿಗೆಲ್ಲ ನಮ್ಮ ಮನೆಮಾತಲ್ಲೇ ಹೆಸರಿದೆ. ನೀವುವುದು, ನಾದುವುದು, ಅದುಮುವುದು, ಉಜ್ಜುವುದು, ತಟ್ಟುವುದು, ಎಳೆಯುವುದು, ಶಾಖ ಕೊಡುವುದು. ಇಷ್ಟು ಗೊತ್ತಿದ್ದರೆ ಯಾವ ಕಾರ್ಡನ್ನಾದರೂ ಓದಬಹುದು. 'ಇದರಲ್ಲಿ ಏನು ಮಾಡುತ್ತೀರಿ, ನೀವುತ್ತೀರೋ ಅದುಮುತ್ತೀರೋ?' ಎಂದು ಕೇಳಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. (ಕನ್ನಡದಲ್ಲಿ 'ನೀವು' ಅನ್ನುವ ಮರ್ಯಾದೆಯ ಮಾತೂ, ಮೈ ಸವರುವ ಕೆಲಸವೂ ಒಂದೇ ಶಬ್ದ. ನನಗೆ ಇದು ಬಹಳ ಇಷ್ಟ.)

ಮೊದಲು ಒಂದು ಪ್ರಶ್ನೆ. ಮುಟ್ಟಿದರೆ ನೋವು ಯಾಕೆ ಕಡಿಮೆಯಾಗುತ್ತದೆ? ಬಾಗಿಲ ಚೌಕಟ್ಟಿಗೆ ತಲೆ ಹೊಡೆದುಕೊಂಡಾಗ ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ. ಉಜ್ಜಿದರೆ ಸ್ವಲ್ಪ ಹಾಯ್ ಅನಿಸುತ್ತದೆ. ಇದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟ್ ಇದೆ ಎಂದುಕೊಳ್ಳಿ. ನೋವಿನ ಸುದ್ದಿಯೂ ಮುಟ್ಟಿದ ಸುದ್ದಿಯೂ ಅದರ ಮೂಲಕವೇ ಮಿದುಳಿಗೆ ಹೋಗಬೇಕು. ಮುಟ್ಟಿದ ಸುದ್ದಿ ಜೋರಾಗಿ ಬಂದರೆ ನೋವಿನ ಸುದ್ದಿಗೆ ಗೇಟ್ ಅರ್ಧ ಮುಚ್ಚುತ್ತದೆ. ಮುಂದೆ ಈ ವಿವರಣೆಗೆ ಎಷ್ಟೋ ತಿದ್ದುಪಡಿ ಆಗಿದೆ. ಆದರೂ ಅದರ ಮೂಲ ಮಾತು ಇವತ್ತಿಗೂ ನಿಂತಿದೆ.

ಎರಡನೆಯದು, ನಮ್ಮ ಚರ್ಮದಲ್ಲಿ ನಿಧಾನವಾದ, ಮೆದುವಾದ ಸವರುವಿಕೆಗೆಂದೇ ಸ್ಪಂದಿಸುವ ಸಣ್ಣ ನರಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಅಮ್ಮ ಮಗುವಿನ ಬೆನ್ನು ಸವರುವ ವೇಗವೂ ಹೆಚ್ಚುಕಡಿಮೆ ಅದೇ. ಉಸಿರು ನಿಧಾನವಾಗುತ್ತದೆ, ಎದೆಬಡಿತ ಇಳಿಯುತ್ತದೆ, ನಿದ್ದೆ ಬರುತ್ತದೆ. ಮಸಾಜ್‌ನ ದೊಡ್ಡ ಲಾಭ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ. 'ಮೈಯಲ್ಲಿರುವ ವಿಷವೆಲ್ಲ ಹೊರಗೆ ಹೋಗುತ್ತದೆ' ಎಂದು ಬರೆದಿರುತ್ತಾರಲ್ಲ, ಅದನ್ನು ನಂಬಬೇಡಿ. ಆ ಕೆಲಸಕ್ಕೆ ಲಿವರ್ ಇದೆ, ಕಿಡ್ನಿ ಇದೆ. ಬೆನ್ನು ತಿಕ್ಕಿದರೆ ವಿಷ ಹೋಗುವುದಿಲ್ಲ.

ಈಗ ಕಾರ್ಡಿಗೆ ಬರೋಣ. ಮೊದಲ ಹೆಸರು ಅಭ್ಯಂಗ.

ಹೆಸರು ಸಂಸ್ಕೃತದ್ದು, ಆದರೆ ವಿಷಯ ನಮ್ಮ ಬಚ್ಚಲುಮನೆಯದು. ಎಣ್ಣೆ ಸ್ನಾನವೇ ಅದು. ದೀಪಾವಳಿಯ ನರಕ ಚತುರ್ದಶಿಗೆ ಬೆಳಗಿನ ಜಾವ ಎಬ್ಬಿಸಿ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದರಲ್ಲ, ಅದೇ. ನಮ್ಮಜ್ಜಿ ವಾರಕ್ಕೊಮ್ಮೆ ಹಂಡೆ ಕಾಯಿಸಿ, ಎಣ್ಣೆ ಬಿಸಿ ಮಾಡಿ, ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸುತ್ತಿದ್ದರು. ನೆತ್ತಿ, ಕಿವಿಯ ಹಿಂದೆ, ಅಂಗಾಲು. ಈ ಮೂರು ಜಾಗ ಬಿಟ್ಟರೆ ಬೈಗುಳ ಗ್ಯಾರಂಟಿ. ಬಹಳ ವರ್ಷ ಕಳೆದ ಮೇಲೆ ಗೊತ್ತಾಯಿತು, ವಾಗ್ಭಟನ ಅಷ್ಟಾಂಗಹೃದಯ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲೂ ದಿನಚರಿಯ ಭಾಗದಲ್ಲಿ ಇದೇ ಮಾತಿದೆ. ಎಣ್ಣೆ ಹಚ್ಚುವಾಗ ತಲೆ, ಕಿವಿ, ಪಾದ ಇವಕ್ಕೆ ವಿಶೇಷ ಗಮನ ಕೊಡು ಎನ್ನುತ್ತಾನೆ ಆತ. ಅಜ್ಜಿ ಅದನ್ನು ಓದಿರಲಿಲ್ಲ.

ಅದೇ ಜಾಗದಲ್ಲಿ ವಾಗ್ಭಟ ಎಚ್ಚರಿಕೆಯನ್ನೂ ಹೇಳುತ್ತಾನೆ. ಕಫ ಕಟ್ಟಿದವರಿಗೆ, ಅಜೀರ್ಣ ಆದವರಿಗೆ ಅಭ್ಯಂಗ ಬೇಡ. ಇದನ್ನು ಕೊಡಗಿನ ಮಳೆಗಾಲಕ್ಕೆ ಹೊಂದಿಸಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಮೂಗು ಸೋರುವುದು ನಿಲ್ಲುವುದಿಲ್ಲ. ಶೀತ ಆಗಿರುವಾಗ ತಲೆಗೆ ಎಣ್ಣೆ ಸುರಿದುಕೊಂಡು ಒದ್ದೆ ಕೂದಲಲ್ಲಿ ಕೂತರೆ ಯಾರಿಗೆ ಹಾಯ್ ಅನಿಸುತ್ತದೆ?

ಅಭ್ಯಂಗದಲ್ಲಿ ಕೈಯ ಕೆಲಸ ಬಹುಪಾಲು ನೀವುವುದು. ಉಗುರು ಬೆಚ್ಚಗಿನ ಎಣ್ಣೆ ಸುರಿದು ಕೈಕಾಲಿನ ಮೇಲೆ ಉದ್ದಕ್ಕೆ, ಕೀಲುಗಳ ಮೇಲೆ ದುಂಡಗೆ ಸವರುತ್ತಾರೆ. ಜಾಸ್ತಿ ಒತ್ತುವುದಿಲ್ಲ. ಸಾಮಾನ್ಯವಾಗಿ ಎಳ್ಳೆಣ್ಣೆ, ಇಲ್ಲವೇ ಎಳ್ಳೆಣ್ಣೆಯಲ್ಲಿ ಗಿಡಮೂಲಿಕೆ ಹಾಕಿ ಕಾಸಿದ ಎಣ್ಣೆ. ಮೈ ಒಣಗಿದವರಿಗೆ, ನಿದ್ದೆ ಸರಿಯಾಗಿ ಬಾರದವರಿಗೆ, ಸುಮ್ನೆ ದಣಿದವರಿಗೆ ಇದು ಒಳ್ಳೆಯ ಆಯ್ಕೆ. ಎಳ್ಳಿನ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.

ಇದಕ್ಕೆ ಪೂರ್ತಿ ತಿರುಗುಮುರುಗು ಉದ್ವರ್ತನ. ಇಲ್ಲಿ ಎಣ್ಣೆಯ ಬದಲು ಒಣ ಪುಡಿ. ಹುರುಳಿ, ತ್ರಿಫಲದಂಥ ಪುಡಿ ಹಾಕಿ ಕೆಳಗಿನಿಂದ ಮೇಲಕ್ಕೆ, ರೋಮದ ಎದುರು ದಿಕ್ಕಿಗೆ ಉಜ್ಜುತ್ತಾರೆ. ಚರ್ಮ ಕೆಂಪಗೆ ಬಿಸಿಯಾಗುತ್ತದೆ, ಸತ್ತ ಚರ್ಮ ಉದುರುತ್ತದೆ. ಇದರಿಂದ ತೂಕ ಇಳಿಯುತ್ತದೆ ಎಂದು ಜಾಹೀರಾತು ಹಾಕುತ್ತಾರೆ. ಅಷ್ಟೊತ್ತು ಬೆವರು ಸುರಿಸಿ ಉಜ್ಜುವವರ ತೂಕ ಇಳಿದರೂ ಇಳಿಯಬಹುದು, ಮಲಗಿದವರದ್ದಲ್ಲ.

ಮಗುವಿನ ಎಣ್ಣೆ ನೀರಿನ ಮಾತೂ ಇಲ್ಲೇ ಬರಲಿ. ಬಾಣಂತಿ ಕೋಣೆಯಲ್ಲಿ ಅನುಭವಸ್ಥ ಹೆಂಗಸರು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ನೀವುವ ಪದ್ಧತಿ ನಮ್ಮದು. ಒಳ್ಳೆಯ ಪದ್ಧತಿಯೇ. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಆಸ್ಪತ್ರೆಯಲ್ಲಿ ಮೆಲ್ಲಗೆ ನೀವಿದಾಗ ತೂಕ ಚೆನ್ನಾಗಿ ಏರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಒಂದೆರಡು ಅಭ್ಯಾಸ ಬಿಡಲೇಬೇಕು. ಮೂಗಿಗೆ ಎಣ್ಣೆ ಬಿಡುವುದು ಅಪಾಯ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮೂಗು ಉದ್ದ ಆಗಲಿ, ತಲೆ ದುಂಡಗೆ ಆಗಲಿ ಎಂದು ಅದುಮುವುದೂ ಬೇಡ. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಉರಿ ತರುತ್ತದೆ. ನಮ್ಮ ಕಡೆ ಅದು ಬಳಕೆಯಲ್ಲಿಲ್ಲ, ತೆಂಗಿನೆಣ್ಣೆಯೇ ಇರುವುದು. ಬಚಾವ್.

ಕೇರಳದ ಗಡಿ ನಮಗೆ ಎಷ್ಟು ಹತ್ತಿರ ಎಂದರೆ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ, ಕುಟ್ಟ ದಾಟಿದರೆ ವಯನಾಡು. ಹಾಗಾಗಿ ಇಲ್ಲಿನ ಕಾರ್ಡುಗಳಲ್ಲಿ ಮಲಯಾಳದ ಹೆಸರುಗಳು ಜಾಸ್ತಿ. ಅಲ್ಲಿ ಮಳೆಯ ಕರ್ಕಿಡಕ ತಿಂಗಳು ಮೈಯ ಚಿಕಿತ್ಸೆಗೆಂದೇ ಮೀಸಲು. ನಮ್ಮಲ್ಲಿ ಅದೇ ಹೊತ್ತಿಗೆ ಕಕ್ಕಡ. ಕಕ್ಕಡ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡಿ ತಿನ್ನುತ್ತೇವೆ. ಗದ್ದೆ ಕೆಲಸದಲ್ಲಿ ನೆನೆದು ನೆನೆದು ಮೈ ಜಡ್ಡುಗಟ್ಟಿದ ಕಾಲ ಅದು. ಗಡಿಯ ಆಚೆ ಎಣ್ಣೆ, ಈಚೆ ಸೊಪ್ಪು. ಮಳೆಗಾಲದಲ್ಲಿ ದೇಹಕ್ಕೊಂದು ಆರೈಕೆ ಬೇಕು ಅನ್ನುವುದು ಎರಡೂ ಕಡೆಯವರಿಗೆ ಹೊಳೆದಿದೆ.

ಪಿಳಿಚ್ಚಿಲ್ ಅಂದರೆ ಹಿಂಡುವುದು. ಬಿಸಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಮೈಮೇಲೆ ಧಾರೆಯಾಗಿ ಹಿಂಡುತ್ತಾರೆ, ಜೊತೆಗೆ ನೀವುತ್ತಾರೆ. ಲೀಟರುಗಟ್ಟಲೆ ಎಣ್ಣೆ ಬೇಕು, ಇಬ್ಬರು ಮೂವರು ಜನ ಬೇಕು. ರೇಟು ಜಾಸ್ತಿ ಇರುವುದು ಅದಕ್ಕೇ.

ಕಿಳಿ ಅಂದರೆ ಗಂಟು. ಬಟ್ಟೆಯಲ್ಲಿ ಮದ್ದು ಕಟ್ಟಿ, ಬಿಸಿ ಮಾಡಿ, ಮೈಗೆ ಒತ್ತುವುದು. ಒಳಗೆ ಏನಿದೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಎಲೆ ಹಾಕಿದರೆ ಎಲಕಿಳಿ, ಪುಡಿ ಹಾಕಿದರೆ ಪೊಡಿಕಿಳಿ. ಞವರ ಅಕ್ಕಿಯನ್ನು ಹಾಲು ಮತ್ತು ಕಷಾಯದಲ್ಲಿ ಬೇಯಿಸಿ ಕಟ್ಟಿದರೆ ಞವರಕಿಳಿ. ಅರುವತ್ತು ದಿನಕ್ಕೆ ಬೆಳೆ ಬರುವ ಭತ್ತದ ಅಕ್ಕಿ ಅದು. ನಮ್ಮ ಮನೆಗಳಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಶಾಖ ಕೊಡುತ್ತೇವಲ್ಲ, ಅದೂ ಇದರ ಬಡ ತಂಗಿ. ಬಿಗಿದ ಸ್ನಾಯು ಬಿಸಿಗೆ ಸಡಿಲಾಗುತ್ತದೆ. ಮಂಡಿ, ಸೊಂಟ, ಕತ್ತು ಹಿಡಿದುಕೊಂಡವರಿಗೆ ಕಿಳಿ ಹಿತ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮಾತ್ರ ಎಚ್ಚರ. ಬಿಸಿ ಗೊತ್ತಾಗದೆ ಚರ್ಮ ಸುಟ್ಟುಹೋಗಬಹುದು.

ಶಿರೋಧಾರಾ ಕೂಡ ಇದೇ ಪುಟದಲ್ಲಿ ಇರುತ್ತದೆ. ಹಣೆಯ ಮೇಲೆ ಎಣ್ಣೆ ಧಾರೆ ಬಿಡುವುದು. ಸರಿಯಾಗಿ ಹೇಳಬೇಕೆಂದರೆ ಇದು ಮಸಾಜೇ ಅಲ್ಲ. ಆದರೆ ಚೆನ್ನಾಗಿ ನಿದ್ದೆ ಬರುತ್ತದೆ, ಜಗಳ ಯಾಕೆ?

ಪುಟ ತಿರುಗಿಸಿದರೆ ಸ್ವೀಡಿಷ್. ಇದಕ್ಕೆ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಮೂಲ ಎಂದು ಎಲ್ಲ ಕಡೆ ಬರೆಯುತ್ತಾರೆ. ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ಶಾಲೆ ಕಟ್ಟಿದವನು ಹೌದು. ಆದರೆ ಇವತ್ತು ಸ್ವೀಡಿಷ್ ಎಂದು ಕರೆಯುವ ಕೈಚಳಕಗಳನ್ನು ಬಿಡಿಸಿಟ್ಟು ಹೆಸರಿಟ್ಟದ್ದು ಹಾಲೆಂಡಿನ ವೈದ್ಯ ಯೋಹಾನ್ ಮೆಟ್ಜ್‌ಗರ್. ಅವನಿಟ್ಟ ಹೆಸರುಗಳೋ ಫ್ರೆಂಚ್‌ನವು. ಎಫ್ಲೂರಾಜ್, ಪೆಟ್ರಿಸಾಜ್, ಫ್ರಿಕ್ಷನ್, ಟಪೋಟ್‌ಮಾನ್. ಕೇಳಿದರೆ ದೊಡ್ಡ ಹೋಟೆಲಿನ ಊಟದ ಹೆಸರಿನಂತಿವೆ. ಕನ್ನಡ ಮಾಡಿದರೆ ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು. ಅಕ್ಕಿ ರೊಟ್ಟಿ ಮಾಡುವವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಮೊದಲ ಸಲ ಹೋಗುವವರಿಗೆ ಸ್ವೀಡಿಷ್ ಒಳ್ಳೆಯದು. ಒತ್ತಡ ಮಧ್ಯಮ, ನೋವಾಗುವುದಿಲ್ಲ. ಬಾಲಿನೀಸ್ ಅಂದರೆ ಹೆಚ್ಚುಕಡಿಮೆ ಇದಕ್ಕೇ ಸ್ವಲ್ಪ ಅದುಮುವುದು, ಸ್ವಲ್ಪ ಎಳೆಯುವುದು, ಒಂದಿಷ್ಟು ಸುಗಂಧ ಸೇರಿಸಿದ್ದು. ಹಾಟ್ ಸ್ಟೋನ್ ಅಂದರೆ ಬಿಸಿ ಕಲ್ಲಿನ ಶಾಖ. ಅರೋಮಾ ಅಂದರೆ ವಾಸನೆಯ ಎಣ್ಣೆ. ಕಾಫಿ ಪುಡಿಯ ಸ್ಕ್ರಬ್ ಅಂತೂ ಈಗ ಕೊಡಗಿನ ಫ್ಯಾಷನ್. ಅದು ಚರ್ಮ ಉಜ್ಜುವ ಕೆಲಸ, ಸ್ನಾಯುವಿಗೆ ಏನೂ ಮಾಡುವುದಿಲ್ಲ. ನಾನಾದರೆ ಆ ಪುಡಿಯನ್ನು ಫಿಲ್ಟರಿಗೆ ಹಾಕುತ್ತೇನೆ.

ಡೀಪ್ ಟಿಶ್ಯೂ ಬೇರೆ ಜಾತಿಯದು. ಇಲ್ಲಿ ಅದುಮುವುದೇ ಮುಖ್ಯ. ಹೆಬ್ಬೆರಳು, ಮುಂಗೈ, ಕೆಲವೊಮ್ಮೆ ಮೊಣಕೈ ಹಾಕಿ ನಿಧಾನವಾಗಿ ಒಳಗಿನ ಸ್ನಾಯುವಿಗೆ ಇಳಿಯುತ್ತಾರೆ. ತೋಟದ ಕೆಲಸದವರ ಭುಜ ಮುಟ್ಟಿ ನೋಡಿದ್ದೀರಾ? ಕಾಫಿ ಕುಯ್ಯುವಾಗ ಎರಡು ಮೂರು ತಿಂಗಳು ಕೈ ಮೇಲೆತ್ತಿ ಗಿಡ ಬಗ್ಗಿಸುತ್ತಲೇ ಇರಬೇಕು. ಸಂಜೆ ಚೀಲ ಹೊತ್ತು ತರಬೇಕು. ಕರಿಮೆಣಸಿಗೆ ಏಣಿ ಹತ್ತಿದರೆ ಮೀನಖಂಡ ಕಲ್ಲಿನಂತಾಗುತ್ತದೆ. ಆ ಭುಜದಲ್ಲಿ ಗೋಲಿಯಂಥ ಗಂಟುಗಳು ಕೈಗೆ ಸಿಗುತ್ತವೆ. ಅದುಮಿದರೆ ನೋವು ಅಲ್ಲಷ್ಟೇ ಅಲ್ಲ, ಕತ್ತಿಗೋ ತೋಳಿಗೋ ಓಡುತ್ತದೆ. ಇಂಥ ಗಂಟುಗಳನ್ನು ಟ್ರಿಗರ್ ಪಾಯಿಂಟ್ ಎಂದು ಕರೆದು, ಅವುಗಳ ನಕ್ಷೆ ಬರೆಯುವ ಕೆಲಸದಲ್ಲಿ ಮುಂದಿದ್ದವರು ಜಾನೆಟ್ ಟ್ರಾವೆಲ್ ಎಂಬ ಅಮೆರಿಕದ ವೈದ್ಯೆ. ಅಧ್ಯಕ್ಷ ಕೆನಡಿಯ ಬೆನ್ನುನೋವು ನೋಡಿಕೊಂಡವರೂ ಅವರೇ. ಈ ಗಂಟು ನಿಜಕ್ಕೂ ಏನು ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ವಾದ ಇದೆ. ಹದವಾಗಿ ಅದುಮಿ ಹಿಡಿದರೆ ಸಡಿಲಾಗುತ್ತದೆ ಎಂಬುದು ಮಾತ್ರ ಎಷ್ಟೋ ಜನರ ಅನುಭವ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ನೋವಾದಷ್ಟೂ ಒಳ್ಳೆಯದು, ಮರುದಿನ ಮೈ ನೀಲಿಗಟ್ಟಿದರೆ ಕೆಲಸ ಚೆನ್ನಾಗಿ ಆಗಿದೆ ಎಂದು. ಹಾಗಲ್ಲ. 'ಹಾಂ, ಅಲ್ಲೇ' ಎನ್ನುವ ಹಿತವಾದ ನೋವು ಸಾಕು. ಹಲ್ಲು ಕಚ್ಚಿ ಉಸಿರು ಹಿಡಿಯುವಷ್ಟಾದರೆ ಸ್ನಾಯು ಸಡಿಲಾಗುವ ಬದಲು ಇನ್ನೂ ಬಿಗಿಯುತ್ತದೆ. ಬಾಯಿಬಿಟ್ಟು ಹೇಳಿ. ದುಡ್ಡು ಕೊಡುವವರು ನೀವೇ.

ಎಣ್ಣೆಯೇ ಇಲ್ಲದ ಎರಡು ಬಗೆಗಳಿವೆ. ಥಾಯ್ ಮಸಾಜ್‌ನಲ್ಲಿ ಸಡಿಲವಾದ ಬಟ್ಟೆ ಹಾಕಿಕೊಂಡು ನೆಲದ ಹಾಸಿಗೆಯಲ್ಲಿ ಮಲಗಬೇಕು. ಅವರು ಅದುಮುತ್ತಾರೆ, ಆಮೇಲೆ ಕೈಕಾಲು ಹಿಡಿದು ಎಳೆದು ಬಗ್ಗಿಸುತ್ತಾರೆ. ಬೇರೆಯವರು ನಮ್ಮ ಮೈಯಲ್ಲಿ ಯೋಗಾಸನ ಮಾಡಿದಂತೆ. ಬ್ಯಾಂಕಾಕ್‌ನ ವಾಟ್ ಫೋ ದೇವಾಲಯ ಇದರ ಹೆಸರಾಂತ ಕಲಿಕೆಯ ಜಾಗ. 2019ರಲ್ಲಿ ಯುನೆಸ್ಕೋ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಜಪಾನಿನ ಶಿಯಾಟ್ಸು ಅಂದರೆ ಬೆರಳ ಒತ್ತಡ ಎಂದೇ ಅರ್ಥ. ಹೆಬ್ಬೆರಳಿನಿಂದ ಒಂದೊಂದೇ ಬಿಂದು ಅದುಮಿ ಹಿಡಿಯುತ್ತಾರೆ. ಎಣ್ಣೆ ಅಂಟು ಆಗದವರಿಗೆ, ಬಟ್ಟೆ ತೆಗೆಯಲು ಸಂಕೋಚ ಇರುವವರಿಗೆ ಇವೆರಡು ಸರಿ. ಬೆನ್ನಿನ ಡಿಸ್ಕ್ ಜಾರಿದವರು ಥಾಯ್ ಕಡೆ ಹೋಗದಿರುವುದೇ ಒಳ್ಳೆಯದು.

ಕುಶಾಲನಗರದ ಆಚೆ ಕಾವೇರಿ ದಾಟಿದರೆ ಬೈಲುಕುಪ್ಪೆ. ಮೈಸೂರು ಜಿಲ್ಲೆಗೆ ಸೇರಿದ್ದಾದರೂ ನಮಗೆ ಪಕ್ಕದ ಮನೆ ಇದ್ದಂತೆ. 1961ರಲ್ಲಿ ಟಿಬೆಟಿನ ನಿರಾಶ್ರಿತರು ಅಲ್ಲಿ ನೆಲೆಯಾದರು. ಅವರ ವೈದ್ಯ ಪದ್ಧತಿ ಸೋವಾ ರಿಗ್ಪಾವನ್ನು ಭಾರತ ಸರ್ಕಾರ 2010ರಲ್ಲಿ ಅಧಿಕೃತವಾಗಿ ಒಪ್ಪಿತು. ಆ ಪದ್ಧತಿಯಲ್ಲೂ ಕು ನ್ಯೆ ಎಂಬ ಮಸಾಜ್ ಇದೆ. ಮೊದಲು ಎಣ್ಣೆ ಹಚ್ಚುವುದು, ಆಮೇಲೆ ನಾದುವುದು, ಕೊನೆಗೆ ಹಿಟ್ಟು ಹಾಕಿ ಜಿಡ್ಡು ತೆಗೆಯುವುದು. ನಮ್ಮ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು ನೆನಪಾಗುತ್ತದೆ, ಅಲ್ವಾ?

ಕೊಡಗಿನಲ್ಲಿ ಕೂತು ಹಾಕಿ ಆಟದ ಮಾತು ಬಿಟ್ಟು ಬರೆದರೆ ತಪ್ಪಾಗುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ, ವರ್ಷವಿಡೀ ಕುರ್ಚಿಯಲ್ಲಿ ಕೂತವರೂ ಬೇಸಿಗೆಯಲ್ಲಿ ಬಂದು ಸ್ಟಿಕ್ ಹಿಡಿಯುತ್ತಾರೆ. ಮರುದಿನ ತೊಡೆ ಎತ್ತಲಾಗುವುದಿಲ್ಲ. ಆಗ ಯಾರೋ ಒಬ್ಬರು ಹೇಳುತ್ತಾರೆ, 'ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ, ಮಸಾಜ್ ಮಾಡಿ ಹೊರಹಾಕಬೇಕು.' ತಪ್ಪು. ಆಟ ಮುಗಿದು ಒಂದೆರಡು ಗಂಟೆಯಲ್ಲಿ ಅದನ್ನು ದೇಹವೇ ಬಳಸಿ ಮುಗಿಸಿರುತ್ತದೆ. ಮರುದಿನದ ನೋವು, ಅಭ್ಯಾಸವಿಲ್ಲದ ಸ್ನಾಯುವಿನೊಳಗೆ ಆದ ಸಣ್ಣ ಗಾಯ ಮತ್ತು ಅದರ ಉರಿಯೂತದ್ದು. ಮಸಾಜ್‌ನಿಂದ ಆ ನೋವು ಸ್ವಲ್ಪ ಇಳಿಯುತ್ತದೆ, ಮೈ ಸ್ವಲ್ಪ ಬಗ್ಗುತ್ತದೆ. ಅಷ್ಟೇ. ಗೋಲು ಜಾಸ್ತಿ ಹೊಡೆಯಲು ಅದು ನೆರವಾಗುವುದಿಲ್ಲ. ಸ್ನಾಯು ಹರಿದಿದ್ದರೆ, ಊದಿ ಬಿಸಿಯಾಗಿದ್ದರೆ ಮೊದಲೆರಡು ದಿನ ಯಾರೂ ತಿಕ್ಕಬಾರದು.

ರಿಫ್ಲೆಕ್ಸಾಲಜಿಯವರು ಅಂಗಾಲಿನ ಚಿತ್ರ ತೋರಿಸಿ ಇಲ್ಲಿ ಕಿಡ್ನಿ, ಇಲ್ಲಿ ಹೃದಯ ಎನ್ನುತ್ತಾರೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಯೂನಿಸ್ ಇಂಗಮ್ ಎಂಬಾಕೆ ಬೆಳೆಸಿದ ನಕ್ಷೆ ಇದು. ಅಂಗಾಲಿಗೂ ಕಿಡ್ನಿಗೂ ಅಂಥ ನಂಟು ಇದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೆ ದಿನವಿಡೀ ನಿಂತು ದಣಿದ ಕಾಲು ಒತ್ತಿಸಿಕೊಂಡರೆ ಹಾಯಾಗಿರುತ್ತದೆ. ಆ ಸುಖಕ್ಕೆ ನಕ್ಷೆ ಬೇಕಿಲ್ಲ.

ಕಾರ್ಡಿನಲ್ಲಿ ಅಪರೂಪಕ್ಕೆ ಕಾಣುವ, ಆದರೆ ನಿಜಕ್ಕೂ ಚಿಕಿತ್ಸೆ ಎನ್ನಬಹುದಾದದ್ದು ಲಿಂಫ್ಯಾಟಿಕ್ ಡ್ರೈನೇಜ್. ಡೆನ್ಮಾರ್ಕಿನ ವೊಡ್ಡರ್ ದಂಪತಿ 1930ರ ದಶಕದಲ್ಲಿ ಇದನ್ನು ರೂಪಿಸಿದರು. ಸ್ತನ ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿ ತೆಗೆದ ಕೆಲವರಿಗೆ ತೋಳು ಊದುತ್ತದೆ. ನೀರು ಹರಿಯುವ ತೋಡು ಕಟ್ಟಿಕೊಂಡಂತೆ. ಹಾಗೆ ನಿಂತ ನೀರನ್ನು, ಚರ್ಮದ ಮೇಲೆ ಬಹಳ ಹಗುರವಾಗಿ ನೀವಿ ಬೇರೆ ದಾರಿಗೆ ತಿರುಗಿಸುತ್ತಾರೆ, ಆಮೇಲೆ ಬಿಗಿ ಬ್ಯಾಂಡೇಜ್ ಸುತ್ತುತ್ತಾರೆ. ಇದನ್ನು ಸ್ಪಾದಲ್ಲಿ ಮಾಡಿಸಬೇಡಿ. ತರಬೇತಿ ಆದ ಫಿಸಿಯೋಥೆರಪಿಸ್ಟ್ ಹತ್ತಿರವೇ ಹೋಗಿ.

ಸೊಂಟ ನೋವಿಗೆ ಮಸಾಜ್ ಕೆಲಸ ಮಾಡುತ್ತದಾ? ಜನ ಹೆಚ್ಚು ಕೇಳುವ ಪ್ರಶ್ನೆ ಇದೇ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯಲ್ಲಿ, ಹೊಸದಾಗಿ ಬಂದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ್ದರಲ್ಲಿ ಶಾಖ ಮತ್ತು ಮಸಾಜ್ ಇವೆ. ತಿಂಗಳುಗಟ್ಟಲೆ ಎಳೆದ ನೋವಿಗೆ ಅದು ವ್ಯಾಯಾಮವನ್ನು ಮುಂದಿಡುತ್ತದೆ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಮಸಾಜ್ ನೋವನ್ನು ಕೆಲವು ದಿನ ಹಿಂದೆ ಸರಿಸುತ್ತದೆ. ಆ ದಿನಗಳಲ್ಲಿ ಎದ್ದು ನಡೆಯಬೇಕು, ಬೆನ್ನಿಗೆ ಬಲ ತರುವ ವ್ಯಾಯಾಮ ಮಾಡಬೇಕು. ಮತ್ತೆ ಮಂಚದಲ್ಲೇ ಮಲಗಿದರೆ ಕೊಟ್ಟ ದುಡ್ಡು ಎಣ್ಣೆಯ ಜೊತೆ ತೊಳೆದುಹೋಗುತ್ತದೆ.

ಮಸಾಜ್ ಮಾಡಿಸಲೇಬಾರದ ಸಮಯಗಳೂ ಇವೆ. ಇದನ್ನು ಕಾರ್ಡಿನಲ್ಲಿ ಬರೆದಿರುವುದಿಲ್ಲ. ದೂರದ ಬಸ್ ಪ್ರಯಾಣದ ನಂತರ, ಅಥವಾ ಆಪರೇಷನ್ ಆಗಿ ಮಲಗಿದ್ದ ಮೇಲೆ, ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೆ ಕುತ್ತು ಬರಬಹುದು. ಜ್ವರ ಇದ್ದಾಗ, ಗಾಯ ಅಥವಾ ಚರ್ಮದ ಸೋಂಕು ಇದ್ದ ಜಾಗಕ್ಕೆ, ಮೂಳೆ ಮುರಿದ ಅನುಮಾನ ಇದ್ದಾಗ ಬೇಡ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಮೂಳೆ ಸವೆದ ವಯಸ್ಸಾದವರು, ಬಸುರಿಯರು ಡಾಕ್ಟರನ್ನು ಕೇಳಿ, ಹಗುರವಾದದ್ದನ್ನಷ್ಟೇ ಮಾಡಿಸಬೇಕು.

ಕಟಿಂಗ್ ಶಾಪಿನ ಹೆಡ್ ಮಸಾಜ್ ನನಗೂ ಇಷ್ಟ. ಆದರೆ ಕೊನೆಗೆ ಗದ್ದ ಹಿಡಿದು ಕತ್ತನ್ನು 'ಲಟಕ್' ಎಂದು ತಿರುಗಿಸುತ್ತಾರಲ್ಲ, ಅದನ್ನು ಬೇಡ ಎನ್ನಿ. ನನಗೆ ಒಮ್ಮೆ ಹಾಗೆ ಮಾಡಿ ಎರಡು ದಿನ ಪಕ್ಕದವರನ್ನು ನೋಡಲು ಇಡೀ ಮೈ ತಿರುಗಿಸಬೇಕಾಯಿತು. ನನ್ನದು ಸಣ್ಣದರಲ್ಲಿ ಹೋಯಿತು. ಕತ್ತಿನ ಮೂಳೆಯ ಒಳಗೆ ಹಾದುಹೋಗುವ ರಕ್ತನಾಳ ಆ ಎಳೆತಕ್ಕೆ ಸೀಳಿ ಲಕ್ವ ಹೊಡೆದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ.

ಯಾರ ಹತ್ತಿರ ಹೋಗಬೇಕು ಎಂದರೆ, ನಿಮಗೆ ಏನು ಬೇಕು ಎಂಬುದರ ಮೇಲೆ. ನೋವಿಗೆ ಚಿಕಿತ್ಸೆ ಬೇಕಾದರೆ ಫಿಸಿಯೋಥೆರಪಿ ಓದಿದವರು, ಅಥವಾ ಬಿಎಎಂಎಸ್ ಓದಿದ ಆಯುರ್ವೇದ ವೈದ್ಯರು ನೋಡಿ ಬರೆದುಕೊಟ್ಟದ್ದು. ಬರೀ ಆರಾಮ ಬೇಕಾದರೆ ಕೈ ಪಳಗಿದ ಯಾರಾದರೂ ಸರಿ. ಒಂದು ಪರೀಕ್ಷೆ ಇದೆ. ಮಲಗಿಸುವ ಮೊದಲು 'ಬಿಪಿ, ಶುಗರ್ ಇದೆಯಾ? ಆಪರೇಷನ್ ಆಗಿದೆಯಾ? ಯಾವ ಮಾತ್ರೆ ತಿನ್ನುತ್ತೀರಿ?' ಎಂದು ಅವರಾಗಿಯೇ ಕೇಳುತ್ತಾರಾ ನೋಡಿ. ಕೇಳದವರ ಮುಂದೆ ಮೈ ಚಾಚಬೇಡಿ.

ಕೊನೆಗೆ ಒಂದು ಮಾತು ಮನಸ್ಸಿಗೆ ಚುಚ್ಚುತ್ತದೆ. ನಮ್ಮೂರಿನ ಮಸಾಜ್ ಟೇಬಲ್ ಮೇಲೆ ಮಲಗುವವರು ಬಹುತೇಕ ಬೆಂಗಳೂರಿನಿಂದ ಕಾರಿನಲ್ಲಿ ಬಂದವರು. ಗಂಟುಕಟ್ಟಿದ ಭುಜದವರು ತೋಟದ ಲೈನ್ ಮನೆಯಲ್ಲಿದ್ದಾರೆ. ಅವರಿಗೂ, ಸ್ಪಾ ರೇಟು ನೋಡಿ ಹಿಂದೆ ಸರಿಯುವ ನಮ್ಮಂಥವರಿಗೂ ಆಗುವ ಒಂದು ಉಪಾಯ ಇದೆ. ಹಳೆಯ ಟೆನಿಸ್ ಬಾಲ್ ಒಂದನ್ನು ತೆಗೆದುಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು, ಭುಜದ ಮೂಳೆಗೂ ಬೆನ್ನೆಲುಬಿಗೂ ನಡುವಿನ ಮಾಂಸದ ಜಾಗಕ್ಕೆ ಬಾಲ್ ಸಿಕ್ಕಿಸಿ. ಬೆನ್ನೆಲುಬಿನ ಮೇಲೆ ಬರಬಾರದು. ಮೈಭಾರ ಹಾಕಿ ಅರ್ಧ ನಿಮಿಷ ನಿಲ್ಲಿ, ಉಸಿರು ಬಿಡಿ, ಬಾಲನ್ನು ಸ್ವಲ್ಪ ಉರುಳಿಸಿ ಮುಂದಿನ ಗಂಟು ಹುಡುಕಿ. ಆಮೇಲೆ ಒಂದು ಬಕೆಟ್ ಬಿಸಿನೀರು.